ತುಕ್ಕು ತಿಂದ ದನಿ

ಹಳೆಯ ಮೋಟಾರು ಕಾರೊಂದನ್ನು ಅದು ಕಾರ್ಖಾನೆಯ ಬಾಗಿಲು ದಾಟಿದ ದಿನದ ರೂಪಕ್ಕೆ ಮರಳಿಸಬೇಕೆಂದು ಹೊರಟವನಿಗೆ, ದೀಪದ ಬಟ್ಟಲೋ ಗೇರುಪೆಟ್ಟಿಗೆಯೋ ಬಾಗಿಲಿನ ಹಿಡಿಯೋ ಯಾವುದಾದರೊಂದು ಗುಜರಿಯ ಮೂಲೆಯಲ್ಲಿ ಧೂಳು ಹೊದ್ದು ಕುಳಿತಿದ್ದು ದೊರೆಯುವುದುಂಟು. ಆದರೆ ಎಂಜಿನ್ನಿನ ನಿಶ್ವಾಸವನ್ನು ಹೊರಗೊಯ್ಯುವ ಕೊಳವೆಯೂ, ಆ ನಿಶ್ವಾಸದ ಅಬ್ಬರವನ್ನು ಅಡಗಿಸುವ ಸೈಲೆನ್ಸರೂ ತಮ್ಮ ಮೂಲ ಲೋಹದಲ್ಲಿಯೇ ದೊರೆತುವೆಂಬ ಮಾತನ್ನು ನಾನು ಕೇಳಿದ್ದು ಅತ್ಯಂತ ವಿರಳ. ಕೆಲವು ವರ್ಷಗಳ ಕೆಳಗೆ ಗೆಳೆಯರೊಬ್ಬರ ಮಾರಿಸ್ ಮೈನರ್ ಕಾರಿಗಾಗಿ ನಾವಿಬ್ಬರೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ಒಂದೊಂದಾಗಿ ಹತ್ತಿಳಿದು, ಕೊನೆಗೆ ಶಿವಾಜಿನಗರದ ಗುಜರಿ ಸಾಲಿಗೆ ಬಂದು ನಿಂತಾಗ, ಅರ್ಧ ಶತಮಾನ ಕಬ್ಬಿಣದ ನಡುವೆಯೇ ಬಾಳಿದ ವೃದ್ಧರೊಬ್ಬರು ನಮ್ಮ ಬೇಡಿಕೆಯನ್ನು ಸಾವಧಾನವಾಗಿ ಕೇಳಿ, "ಒರಿಜಿನಲ್ ಸೈಲೆನ್ಸರ್ ಎಲ್ಲಿಂದ ಬರಬೇಕು ಸಾರ್? ಅದು ಮಣ್ಣಾಗಿ ಎಷ್ಟು ಕಾಲ ಆಯ್ತೋ. ಗಾಡೀಲಿ ಹಳೇದೇನಾದ್ರೂ ಉಳಿದಿದ್ರೆ ಎಸೀಬೇಡಿ, ತನ್ನಿ. ಕುಯ್ದು ನೋಡಿದ್ರೆ ಒಳಗೇನಿತ್ತು ಅಂತ ಗೊತ್ತಾಗತ್ತೆ" ಎಂದರು. ಈ ವಿಷಯದಲ್ಲಿ ನಾನು ಆಮೇಲೆ ಓದಿ ತಿಳಿದುದೆಲ್ಲವೂ ಅವರ ಆ ಮಾತಿನ ವ್ಯಾಖ್ಯಾನದಂತೆಯೇ ನನಗೆ ತೋರಿದೆ.

ಕಾರಿನ ಅವಯವಗಳಲ್ಲಿ ಸೈಲೆನ್ಸರಿನಷ್ಟು ಅಲ್ಪಾಯುವಾದ ಲೋಹದ ಭಾಗಗಳು ವಿರಳ. ಅದಕ್ಕೆ ಕಾರಣ ಹೊರಗಿನ ಮಳೆ ಕೆಸರುಗಳಿಗಿಂತ ಹೆಚ್ಚಾಗಿ ಅದರ ಒಡಲಿನಲ್ಲಿಯೇ ಇದೆ. ಪೆಟ್ರೋಲು ಉರಿದಾಗ ಅದರಲ್ಲಿನ ಜಲಜನಕವು ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಹುಟ್ಟುವ ನೀರೂ ಹೆಚ್ಚು ಕಡಿಮೆ ಒಂದು ಲೀಟರೇ. ಎಂಜಿನ್ನು ಕಾದು ದೂರದ ಪ್ರಯಾಣ ನಡೆದಾಗ ಈ ನೀರು ಆವಿಯಾಗಿ ಹಾರಿಹೋಗುವುದು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂಬ ಅಲ್ಪದೂರದ ಓಡಾಟದಲ್ಲಾದರೋ ಅದು ಸೈಲೆನ್ಸರಿನ ತಣ್ಣಗಿನ ಹೊಟ್ಟೆಯಲ್ಲಿ ತಂಗಿ, ಇಂಧನದ ಗಂಧಕದಿಂದ ಹುಟ್ಟಿದ ಆಮ್ಲವನ್ನು ಕೂಡಿಕೊಂಡು, ತೆಳುವಾದ ಉಕ್ಕಿನ ತಗಡನ್ನು ಒಳಗಿನಿಂದಲೇ ತಿನ್ನತೊಡಗುವುದು. ಆದುದರಿಂದಲೇ ಜೋಪಾನವಾಗಿ ಕಡಿಮೆ ಓಡಿಸಿದ ಕಾರಿನ ಸೈಲೆನ್ಸರು ಹಗಲಿರುಳು ಓಡಿದ ಕಾರಿನದಕ್ಕಿಂತ ಬೇಗನೆ ಹಾಳಾಗುತ್ತದೆ. ಐವತ್ತು ವರ್ಷ ಬಾಳಿದ ಕಾರು ತನ್ನ ಆಯುಷ್ಯದಲ್ಲಿ ಹತ್ತು ಹನ್ನೆರಡು ಸೈಲೆನ್ಸರುಗಳನ್ನು ಸವೆಸಿರುವುದು ಸಹಜ. ಹಾವಿನ ಪೊರೆಯಂತೆ ಕಳಚಿಬೀಳುವ ಇಂತಹ ಭಾಗಕ್ಕೆ 'ಅಸಲು' ಎಂಬ ಮಾತು ಹೇಗೆ ಅನ್ವಯಿಸೀತು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ, ಈ ವಸ್ತು ಹುಟ್ಟಿ ಬೆಳೆದ ಬಗೆಯನ್ನೇ ನೋಡಬೇಕು.

ಮೋಟಾರಿನ ಶೈಶವದಲ್ಲಿ ಜನ ಅದನ್ನು ದ್ವೇಷಿಸಿದುದಕ್ಕೆ ವೇಗಕ್ಕಿಂತ ಮಿಗಿಲಾಗಿ ಅದರ ಸದ್ದೇ ಕಾರಣವಾಗಿತ್ತು. ಅಮೆರಿಕದ ಇಂಡಿಯಾನಾ ಪ್ರಾಂತದ ಕೊಲಂಬಸ್ ಪಟ್ಟಣದಲ್ಲಿ ಮಿಲ್ಟನ್ ರೀವ್ಸ್ ಎಂಬಾತ ತಾನು ಕಟ್ಟಿದ ಮೋಟಾರು ಬಂಡಿಯ ಆರ್ಭಟವನ್ನು ತಗ್ಗಿಸಲೆಂದು ತನ್ನ ಸಹೋದರ ಮಾರ್ಷಲನೊಡನೆ ಸೇರಿ ರೂಪಿಸಿದ ಸಾಧನಕ್ಕೆ 1897ರಲ್ಲಿ ಪೇಟೆಂಟು ದೊರೆಯಿತು. ಮೋಟಾರಿನ ಸೈಲೆನ್ಸರಿನ ವಂಶಾವಳಿಯನ್ನು ಬರೆಯುವವರು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತಾರೆ. ಹತ್ತು ವರ್ಷ ಕಳೆಯುವುದರೊಳಗಾಗಿ ನಿಶ್ಶಬ್ದತೆಯು ಶ್ರೀಮಂತಿಕೆಯ ಲಕ್ಷಣವೇ ಆಯಿತು. 1907ರಲ್ಲಿ ರೋಲ್ಸ್ ರಾಯ್ಸ್ ಕಂಪನಿಯವರು ಬೆಳ್ಳಿಯ ಬಣ್ಣ ಬಳಿದು ಹೊರತಂದ ಕಾರಿಗೆ 'ಸಿಲ್ವರ್ ಘೋಸ್ಟ್' ಎಂದು ಹೆಸರಿಟ್ಟುದೇ, ಅದು ಭೂತದಂತೆ ಸುಳಿವು ಕೊಡದೆ ಬಂದು ನಿಲ್ಲುತ್ತಿದ್ದುದರಿಂದ. ಆದರೂ ಸೈಲೆನ್ಸರು ಎಂಜಿನ್ನಿನ ಬಲವನ್ನು ಕುಗ್ಗಿಸುತ್ತದೆಂಬ ನಂಬಿಕೆ ಬಲವಾಗಿದ್ದ ಆ ದಿನಗಳಲ್ಲಿ, ಚಾಲಕನು ಕಾಲಿನಿಂದಲೋ ಕೈಯಿಂದಲೋ ಒತ್ತಿದಾಗ ಸೈಲೆನ್ಸರಿನ ಗೊಡವೆಗೇ ಹೋಗದಂತೆ ಹೊಗೆಯನ್ನು ನೇರವಾಗಿ ಹೊರಕ್ಕೆ ಬಿಡುವ 'ಕಟೌಟ್' ಎಂಬ ಮುಚ್ಚಳವು ಅನೇಕ ಕಾರುಗಳಲ್ಲಿರುತ್ತಿತ್ತು. ಏರುದಾರಿ ಬಂದಾಗ ಅದನ್ನು ತೆರೆಯುವುದು, ಊರು ಬಂದಾಗ ಮುಚ್ಚುವುದು ವಾಡಿಕೆ.

ಆದರೆ ಸದ್ದಿನ ಮೇಲಿನ ನಿಜವಾದ ವ್ಯಾಜ್ಯ ನಡೆದದ್ದು ಇಂಗ್ಲೆಂಡಿನ ಸರ್ರಿ ಪ್ರಾಂತದ ವೇಬ್ರಿಜ್ ಎಂಬಲ್ಲಿ. ಹ್ಯೂ ಲಾಕ್ ಕಿಂಗ್ ಎಂಬ ಜಮೀನುದಾರನು ತನ್ನ ಎಸ್ಟೇಟಿನಲ್ಲಿ ಸ್ವಂತ ಹಣ ಸುರಿದು ಕಟ್ಟಿಸಿದ ಬ್ರೂಕ್‌ಲ್ಯಾಂಡ್ಸ್ ಓಟದ ಮಾರ್ಗವು 1907ರ ಜೂನ್ ತಿಂಗಳಲ್ಲಿ ತೆರೆಯಿತು. ಎರಡು ಮುಕ್ಕಾಲು ಮೈಲಿ ಸುತ್ತಳತೆಯ, ತಿರುವುಗಳಲ್ಲಿ ಬಾಣಲೆಯ ಅಂಚಿನಂತೆ ಮೇಲೆದ್ದ ಆ ಕಾಂಕ್ರೀಟಿನ ಹಾದಿ, ಮೋಟಾರು ಓಟಕ್ಕೆಂದೇ ಜಗತ್ತಿನಲ್ಲಿ ಕಟ್ಟಿದ ಮೊದಲ ಮಾರ್ಗವೆಂದು ಪ್ರಸಿದ್ಧವಾಗಿದೆ. ತೆರೆದ ತಿಂಗಳಿನಲ್ಲಿಯೇ ಎಸ್.ಎಫ್. ಎಡ್ಜ್ ಎಂಬಾತ ತನ್ನ ನೇಪಿಯರ್ ಕಾರಿನಲ್ಲಿ ಇಪ್ಪತ್ತನಾಲ್ಕು ಗಂಟೆ ಸತತವಾಗಿ ಓಡಿಸಿ, ಗಂಟೆಗೆ ಸರಾಸರಿ 65 ಮೈಲಿಗೂ ಮಿಕ್ಕಿದ ವೇಗದಲ್ಲಿ ದಾಖಲೆಯನ್ನು ಸ್ಥಾಪಿಸಿದ. ರಾತ್ರಿಯಿಡೀ ನಿದ್ದೆಗೆಟ್ಟ ನೆರೆಹೊರೆಯವರು ಬೆಳಗಾಗುತ್ತಲೇ ದೂರಲಾರಂಭಿಸಿದರು. ಅದರ ಫಲವಾಗಿ ರಾತ್ರಿಯ ಓಟಕ್ಕೆ ನಿಷೇಧ ಬಿದ್ದಿತು. ಮುಂದೆ 1929ರಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಸ್ಪರ್ಧೆಯೊಂದನ್ನು ಏರ್ಪಡಿಸಬೇಕಾದಾಗ ಈ ನಿಷೇಧದ ಕಾರಣದಿಂದಲೇ ಅದನ್ನು ಹಗಲು ಹನ್ನೆರಡು ಗಂಟೆಯಂತೆ ಎರಡು ದಿನಕ್ಕೆ ಹಂಚಿ, ನಡುವಿನ ರಾತ್ರಿ ಕಾರುಗಳನ್ನೆಲ್ಲ ಬೀಗಹಾಕಿ ಇರಿಸಿದರು. 'ಡಬಲ್ ಟ್ವೆಲ್ವ್' ಎಂಬ ಹೆಸರು ಆ ಸ್ಪರ್ಧೆಗೆ ಬಂದುದು ಹೀಗೆ.

ಇಷ್ಟಾದರೂ ಹಗಲಿನ ಗದ್ದಲ ನಿಲ್ಲಲಿಲ್ಲ. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1920ರ ದಶಕದ ನಡುವೆ ಬ್ರೂಕ್‌ಲ್ಯಾಂಡ್ಸಿನ ಆಡಳಿತದವರು ಓಟದ ಕಾರುಗಳೆಲ್ಲಕ್ಕೂ ಗೊತ್ತುಪಡಿಸಿದ ಬಗೆಯ ಸೈಲೆನ್ಸರನ್ನು ಕಡ್ಡಾಯ ಮಾಡಿದರು. ಕಾರಿನ ಪಕ್ಕದಲ್ಲಿ ಹೊರಗೇ ತೂಗುವ ದೊಡ್ಡ ಡಬ್ಬಿ, ಅದರ ಹಿಂದೆ ನೀಳವಾದ ಕೊಳವೆ, ಕೊಳವೆಯ ತುದಿಯಲ್ಲಿ ಮೀನಿನ ಬಾಲದಂತೆ ಚಪ್ಪಟೆಯಾಗಿ ಅಗಲಿಸಿದ ಸೀಳುಬಾಯಿ: ಇದೇ 'ಬ್ರೂಕ್‌ಲ್ಯಾಂಡ್ಸ್ ಕ್ಯಾನ್'. ಓಟಗಾರರು ಅದನ್ನು ತಮ್ಮ ಬಲಕ್ಕೆ ಬಿದ್ದ ಸಂಕೋಲೆಯೆಂದು ಹಳಿದರು. ಆದರೆ ಕಾಲದ ನಡೆ ವಿಚಿತ್ರವಾದದ್ದು. 1939ರಲ್ಲಿ ಯುದ್ಧ ಬಂದು ಆ ಮಾರ್ಗ ಮುಚ್ಚಿ ಎಷ್ಟೋ ದಶಕಗಳು ಕಳೆದ ಮೇಲೆ, ಆ ಕಾಲದ ಆಸ್ಟಿನ್ ಸೆವೆನ್‌ಗಳನ್ನೂ ಎಂ.ಜಿ.ಗಳನ್ನೂ ಪುನರುಜ್ಜೀವಿಸುವವರು ಬೇರೆಲ್ಲ ಅಲಂಕಾರಗಳಿಗಿಂತ ಹೆಚ್ಚಾಗಿ ಬಯಸುವುದು ಆ ಡಬ್ಬಿಯನ್ನೂ ಆ ಮೀನುಬಾಲವನ್ನೂ. ನೆರೆಯವರ ನಿದ್ದೆಗಾಗಿ ಕಾನೂನು ಹೊರಿಸಿದ ಭಾರವೇ ಒಂದು ಯುಗದ ಚಹರೆಯಾಗಿ ಉಳಿದುಕೊಂಡಿತು.

ಹೊರಗಿನ ಚಹರೆಯ ಮಾತು ಇಷ್ಟಾಯಿತು. ಒಳಗಿನದು ಬೇರೊಂದು ಲೋಕ. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಬಾರಿ ಬಿಸಿಯನಿಲದ ತಾಡನವು ಕೊಳವೆಯೊಳಕ್ಕೆ ನುಗ್ಗುತ್ತದೆ. ಈ ತಾಡನಗಳನ್ನು ಶಮನಗೊಳಿಸಲು ಎರಡು ಮಾರ್ಗಗಳುಂಟು. ಒಂದು, ಸೈಲೆನ್ಸರಿನ ಒಡಲನ್ನು ಅಡ್ಡಗೋಡೆಗಳಿಂದ ಕೋಣೆಗಳಾಗಿ ವಿಭಾಗಿಸಿ, ಅನಿಲವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ಒಂದು ಅಲೆಯ ಉಬ್ಬು ಮತ್ತೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಅಳಿಯುವಂತೆ ಮಾಡುವುದು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಸಂಗೀತದ ಸ್ವರಗಳನ್ನು ಪರೀಕ್ಷಿಸಲೆಂದು ಬಳಸಿದ, ಕಿರಿದಾದ ಕತ್ತಿನ ಟೊಳ್ಳುಗೋಳದ ತತ್ತ್ವವೇ ಇಂತಹ ಕೋಣೆಗಳಲ್ಲಿ ಅಡಗಿದೆ. ಇನ್ನೊಂದು, ಅಡೆತಡೆಯಿಲ್ಲದೆ ನೇರವಾಗಿ ಸಾಗುವ ಕೊಳವೆಗೆ ಸುತ್ತಲೂ ಸಣ್ಣ ರಂಧ್ರಗಳನ್ನು ಕೊರೆದು, ಅದರ ಹೊರಗೆ ಗಾಜಿನ ಎಳೆಯನ್ನೋ ಉಕ್ಕಿನ ನಾರನ್ನೋ ತುಂಬಿ, ಶಬ್ದವನ್ನು ಆ ನಾರಿನಲ್ಲಿ ಇಂಗಿಸುವುದು. ಮೊದಲನೆಯದು ಗಂಭೀರವಾದ ಮಂದ್ರಧ್ವನಿಯನ್ನು ಕೊಡುತ್ತದೆ. ಎರಡನೆಯದು ತೆರೆದ ಕೊರಳಿನಂತೆ ಹಾಡುತ್ತದೆ. ವೀಣೆಯ ಕುಂಡಿಗೆಯ ಗಾತ್ರ ಬದಲಾದರೆ ನಾದ ಬದಲಾಗುವಂತೆ, ಇಲ್ಲಿ ಒಂದು ಅಡ್ಡಗೋಡೆ ಎರಡಂಗುಲ ಸರಿದರೂ ಕಾರಿನ ದನಿ ತನ್ನದಲ್ಲವಾಗುತ್ತದೆ.

ಈ ದನಿಯನ್ನೇ ಕಲೆಯಾಗಿಯೂ ಉದ್ಯಮವಾಗಿಯೂ ಬೆಳೆಸಿದವನು ಕಾರ್ಲೊ ಅಬಾರ್ತ್. 1908ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಮೋಟಾರು ಸೈಕಲ್ಲಿನ ಓಟಗಾರನಾಗಿ ಹೆಸರು ಪಡೆದು, ಯುದ್ಧಾನಂತರ ಇಟಲಿಯಲ್ಲಿ ನೆಲೆಸಿದ ಈತ 1949ರಲ್ಲಿ ತನ್ನ ಹೆಸರಿನ ಕಂಪನಿಯನ್ನು ಆರಂಭಿಸಿ, ತನ್ನ ಜನ್ಮರಾಶಿಯಾದ ವೃಶ್ಚಿಕವನ್ನೇ ಅದರ ಲಾಂಛನವಾಗಿ ಇರಿಸಿಕೊಂಡ. ಓಟದ ಕಾರುಗಳನ್ನು ಕಟ್ಟುವುದು ಅವನ ಹಂಬಲ. ಆ ಹಂಬಲಕ್ಕೆ ಹಣವೊದಗಿಸಿದುದು ಸೈಲೆನ್ಸರು. ಸಾಮಾನ್ಯರ ಪುಟ್ಟ ಫಿಯಾಟಿಗೆ ತೊಡಿಸಬಹುದಾದ, ಕಪ್ಪು ಬಣ್ಣದ ಒಡಲೂ ಥಳಥಳಿಸುವ ಕ್ರೋಮಿಯಮ್ ಬಾಯಿಗಳೂ ಉಳ್ಳ ಅವನ ಸೈಲೆನ್ಸರು ಎಂಜಿನ್ನಿಗೆ ತುಸು ಬಲವನ್ನೂ, ಒಡೆಯನಿಗೆ ಬೆಟ್ಟದಷ್ಟು ಉಲ್ಲಾಸವನ್ನೂ ಕೊಟ್ಟಿತು. 1962ರ ವೇಳೆಗೆ ಅವನ ಕಾರ್ಖಾನೆ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಸೈಲೆನ್ಸರುಗಳನ್ನು ತಯಾರಿಸುತ್ತಿದ್ದಿತು. ಅದರಲ್ಲಿ ಹೆಚ್ಚಿನ ಪಾಲು ಪರದೇಶಗಳಿಗೆ ಹೋಗುತ್ತಿತ್ತು. ಫೆರಾರಿಯ 250 ಶ್ರೇಣಿಯ ಅನೇಕ ಕಾರುಗಳ ಅಡಿಯಲ್ಲಿಯೂ ಅಬಾರ್ತನ ಮುದ್ರೆಯೊತ್ತಿದ ಸೈಲೆನ್ಸರುಗಳೇ ಇದ್ದುವು. ಇಂದು ಅಂತಹ ಫೆರಾರಿಯೊಂದನ್ನು ಸ್ಪರ್ಧಾಪ್ರದರ್ಶನದ ಹುಲ್ಲುಹಾಸಿಗೆ ಒಯ್ಯುವವನು ಆ ಮುದ್ರೆಗಾಗಿ ದೇಶದೇಶಗಳನ್ನು ಅಲೆಯಬೇಕಾಗುತ್ತದೆ. ಏಕೆಂದರೆ ತೀರ್ಪುಗಾರನು ಬಣ್ಣವನ್ನು ನೋಡುವಂತೆಯೇ ಮಂಡಿಯೂರಿ ಕೆಳಗೂ ನೋಡುತ್ತಾನೆ.

ಲಕ್ಷಗಟ್ಟಲೆ ತಯಾರಾದ ವಸ್ತು ಹೀಗೆ ಅಪೂರ್ವವಾದುದು ತುಕ್ಕಿನಿಂದ ಮಾತ್ರವೇ ಅಲ್ಲ. ವ್ಯಾಪಾರದ ರೀತಿಯೂ ಅದಕ್ಕೆ ಕೈಜೋಡಿಸಿತು. ಅಮೆರಿಕದ ಜಾರ್ಜಿಯಾದ ಮೇಕನ್ ನಗರದಲ್ಲಿ 1956ರಲ್ಲಿ 'ಮೈಡಾಸ್' ಎಂಬ ಹೆಸರಿನಲ್ಲಿಯೂ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1971ರಲ್ಲಿ 'ಕ್ವಿಕ್-ಫಿಟ್' ಎಂಬ ಹೆಸರಿನಲ್ಲಿಯೂ ಆರಂಭವಾದ ಅಂಗಡಿಗಳ ಪದ್ಧತಿ, ಗಿರಾಕಿ ಕಾಯುತ್ತಿರುವಂತೆಯೇ ಹಳೆಯದನ್ನು ಕಿತ್ತು ಹೊಸದನ್ನು ತೊಡಿಸಿ ಕಳುಹಿಸುವುದಾಗಿತ್ತು. ಜನರಿಗೆ ಅದರಿಂದ ಮಹದುಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೂರಾರು ಬಗೆಯ ಕಾರುಗಳಿಗೆ ನೂರಾರು ಬಗೆಯ ಸೈಲೆನ್ಸರನ್ನು ದಾಸ್ತಾನು ಮಾಡುವುದು ಯಾವ ವರ್ತಕನಿಗೂ ಸಾಧ್ಯವಲ್ಲದ್ದರಿಂದ, ತೂಗುಕೊಂಡಿ ಸರಿಹೊಂದಿದರೆ ಸಾಕು, ಒಳಗಿನ ರಚನೆ ಹೇಗಿದ್ದರೂ ಆದೀತು ಎಂಬ 'ಪ್ಯಾಟರ್ನ್' ಭಾಗಗಳು ಎಲ್ಲೆಡೆಯೂ ಹಬ್ಬಿದುವು. ಕಿತ್ತ ಹಳೆಯದು ಆ ಸಂಜೆಯೇ ಕುಲುಮೆಯ ದಾರಿ ಹಿಡಿಯಿತು. ಒಂದೆರಡು ದಶಕಗಳೊಳಗೆ, ಇಂತಹ ಕಾರು ಹೊಸದಾಗಿದ್ದಾಗ ಹೇಗೆ ದನಿಗೈಯುತ್ತಿತ್ತೆಂಬುದು ಅದನ್ನು ಆಗ ಓಡಿಸಿದವರ ಕಿವಿಯಲ್ಲಿ ಮಾತ್ರ ಉಳಿಯಿತು.

ಹೀಗೆ ಕಳೆದುಹೋದುದನ್ನು ಮರಳಿ ಕಟ್ಟುವವರ ಸೂಕ್ಷ್ಮತೆಯನ್ನು ಕಾಣಬೇಕಾದರೆ ಜಾಗ್ವಾರ್ ಇ-ಟೈಪ್ ಕಾರಿನ ಹಿಂಭಾಗವನ್ನು ನೋಡಬೇಕು. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಲೋಕಕ್ಕೆ ತೋರಿದ ಈ ಕಾರಿನ ಆರು ಸಿಲಿಂಡರುಗಳ ನಿಶ್ವಾಸವು, ಮೂರು ಮೂರಾಗಿ ಎರಡು ಎರಕದ ಮ್ಯಾನಿಫೋಲ್ಡುಗಳಲ್ಲಿ ಕೂಡಿ, ಎರಡು ಕೊಳವೆಗಳಲ್ಲಿ ಹರಿದು, ಸೈಲೆನ್ಸರುಗಳನ್ನು ದಾಟಿ, ಕೊನೆಗೆ ನಂಬರು ಫಲಕದ ಅಡಿಯಲ್ಲಿ ಜೋಡಿಯಾಗಿ ಸಮೀಪ ನಿಂತ ಎರಡು ಬಾಯಿಗಳಿಂದ ಹೊರಬರುತ್ತಿತ್ತು. 1968ರಲ್ಲಿ ಬಂದ ಎರಡನೆಯ ಶ್ರೇಣಿಯಲ್ಲಿ ನಂಬರು ಫಲಕದ ಸ್ಥಳ ಬದಲಾದುದರಿಂದ ಆ ಬಾಯಿಗಳು ಒಂದರಿಂದೊಂದು ದೂರ ಸರಿದುವು. ಮೊದಲ ಶ್ರೇಣಿಯ ಕಾರಿಗೆ ಎರಡನೆಯದರ ಬಾಲಕೊಳವೆಯನ್ನು ತೊಡಿಸಿದರೆ, ಬಲ್ಲವನು ಇಪ್ಪತ್ತು ಗಜ ದೂರದಿಂದಲೇ ಹುಬ್ಬುಗಂಟಿಕ್ಕುತ್ತಾನೆ. ಮ್ಯಾನಿಫೋಲ್ಡಿನ ಮೇಲಿದ್ದ ಕರಿಯ ಗಾಜುಲೇಪದ ಕಥೆ ಇನ್ನೂ ಕಷ್ಟದ್ದು: ಎರಕದ ಕಬ್ಬಿಣದ ಮೇಲೆ ಗಾಜಿನ ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಕೂಡಿಸಿದ ಈ ಎನಾಮಲ್, ಎಂಜಿನ್ನಿನ ಕಾವಿನಲ್ಲಿ ಬಿರುಕುಬಿಟ್ಟು ಉದುರುತ್ತದೆ. ಮರಳಿ ಲೇಪಿಸಬೇಕಾದರೆ ಹಳೆಯ ಕಬ್ಬಿಣದ ರಂಧ್ರಗಳಲ್ಲಿ ಹೀರಿಕೊಂಡ ಎಣ್ಣೆ, ಇಂಗಾಲಗಳ ಅಂಶವೆಲ್ಲ ಹೋಗುವವರೆಗೂ ಅದನ್ನು ಶುದ್ಧಿಮಾಡಬೇಕು. ಇಲ್ಲವಾದರೆ ಲೇಪ ಗುಳ್ಳೆಯೇಳುತ್ತದೆ. ಬಣ್ಣ ಬಳಿದು ಕಪ್ಪಾಗಿಸಿದವರೂ ಉಂಟು; ಆದರೆ ಎನಾಮಲಿನ ಆಳವಾದ ಹೊಳಪು ಬಣ್ಣಕ್ಕೆ ಬಾರದು.

ಇನ್ನು ಕಲೆಯಿಲ್ಲದ ಉಕ್ಕಿನ, ಎಂದರೆ ಸ್ಟೇನ್‌ಲೆಸ್ ಸ್ಟೀಲಿನ ಪ್ರಶ್ನೆ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕಂಡುಹಿಡಿದ ಈ ಲೋಹದಿಂದ ಮಾಡಿದ ಕೊಳವೆ ಒಡೆಯನ ಜೀವಮಾನವಿಡೀ ಬಾಳಬಲ್ಲದು. ಹಳೆಯ ಕಾರನ್ನು ನಿತ್ಯವೂ ಓಡಿಸುವವರು ಅದನ್ನೇ ಆರಿಸಿಕೊಳ್ಳುವುದನ್ನು ನಾನು ಆಕ್ಷೇಪಿಸಲಾರೆ. ಆದರೆ ಅದು ಕಾವಿಗೆ ಹೊಂಬಣ್ಣಕ್ಕೂ ನೀಲಿಗೂ ತಿರುಗುತ್ತದೆ, ಮೆದು ಉಕ್ಕಿನಂತೆ ಕಂದುಬೂದಿಯಾಗುವುದಿಲ್ಲ. ಸಾಮಾನ್ಯವಾಗಿ ತೆಳುವಾದ ತಗಡಿನಲ್ಲಿ ಕಟ್ಟುವುದರಿಂದ ದನಿಯಲ್ಲಿಯೂ ಕಂಚಿನ ತಟ್ಟೆಯ ಝೇಂಕಾರ ಸೇರಿಕೊಳ್ಳುತ್ತದೆ. ಬಗ್ಗಿಸುವ ಕ್ರಮದಲ್ಲಿಯೂ ಇಂತಹುದೇ ಭೇದ. ಈಗಿನ ಯಂತ್ರಗಳು ಕೊಳವೆಯೊಳಗೆ ಮ್ಯಾಂಡ್ರೆಲ್ ಎಂಬ ಆಧಾರದಂಡವನ್ನಿರಿಸಿ ಬಗ್ಗಿಸುವುದರಿಂದ ತಿರುವಿನಲ್ಲಿಯೂ ದುಂಡು ಕೆಡುವುದಿಲ್ಲ; ಹಿಂದೆ ಒತ್ತುಯಂತ್ರದಿಂದ ಬಗ್ಗಿಸಿದ ಅನೇಕ ಕೊಳವೆಗಳು ತಿರುವಿನಲ್ಲಿ ಚಪ್ಪಟೆಯಾಗಿ ಸುಕ್ಕುಗಟ್ಟಿರುತ್ತಿದ್ದುವು. ಸೈಲೆನ್ಸರಿನ ಒಡಲಿನ ಅಂಚುಗಳನ್ನು ಒಂದರೊಳಗೊಂದು ಮಡಿಸಿ ಒತ್ತಿದ ಬೆಸುಗೆಯಿಲ್ಲದ ಕೂಡುಗಳಿರುತ್ತಿದ್ದುವು. ಇಂದು ಅಲ್ಲಿ ವೆಲ್ಡಿಂಗಿನ ಗೆರೆ ಕಾಣುತ್ತದೆ. ನಿಷ್ಠಾವಂತನಾದ ಕುಶಲಿಯು ಆ ಸುಕ್ಕನ್ನೂ ಆ ಮಡಿಕೆಯನ್ನೂ ಬೇಕೆಂದೇ ಮರಳಿ ತರುತ್ತಾನೆ. ಇದನ್ನು ವ್ಯರ್ಥಶ್ರಮವೆಂದು ತಿಳಿಯುವವರೊಡನೆ ನನ್ನ ಒಮ್ಮತವಿಲ್ಲ. ಅಂದಿನ ಕಾರ್ಮಿಕನ ಯಂತ್ರ ಎಂತಹದಿತ್ತೆಂಬುದಕ್ಕೆ ಆ ಸುಕ್ಕೇ ಸಾಕ್ಷಿ. ಒಂದು ವಿಷಯದಲ್ಲಿ ಮಾತ್ರ ಅನುಕರಣೆ ಸಲ್ಲದು: ಹಳೆಯ ಗ್ಯಾಸ್ಕೆಟ್ಟುಗಳಲ್ಲಿಯೂ ಸುತ್ತುಹೊದಿಕೆಗಳಲ್ಲಿಯೂ ಇದ್ದ ಕಲ್ನಾರು ಶ್ವಾಸಕೋಶಕ್ಕೆ ವಿಷ, ಬ್ರಿಟನ್ನಿನಲ್ಲಿ ಅದು 1999ರಲ್ಲಿ ಪೂರ್ಣವಾಗಿ ನಿಷಿದ್ಧವಾಯಿತು.

ಪಡಿಯಚ್ಚು ಇಷ್ಟು ಯಥಾರ್ಥವಾದಾಗ ಮೋಸದ ಭಯವೂ ಹುಟ್ಟುತ್ತದೆ. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಸಂಸ್ಥೆಯು ಅಂಗೀಕರಿಸಿದ ಟೂರಿನ್ ಸನ್ನದು, ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರಚಿತವಾದ ವೆನಿಸ್ ಸನ್ನದಿನ ಮಾರ್ಗವನ್ನೇ ಅನುಸರಿಸಿ, ಬದಲಿಸಿದ ಭಾಗಗಳ ಮೇಲೆ ಕಣ್ಣಿಗೆ ಹೊಡೆಯದ, ಆದರೆ ಅಳಿಸಿಹೋಗದ ಗುರುತಿರಬೇಕೆಂದು ಹೇಳುತ್ತದೆ. ದೇವಾಲಯದ ಜೀರ್ಣೋದ್ಧಾರದಲ್ಲಿ ಹೊಸ ಕಲ್ಲನ್ನು ಹಳೆಯದರೊಡನೆ ಹೊಂದಿಸಿದರೂ ಹೊಸತೆಂದು ತಿಳಿಯುವಂತೆ ಉಳಿಸುವ ಕ್ರಮವನ್ನು ಬಲ್ಲವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಅಸಲಿನ ವಂಶ ಎಲ್ಲಿ ಮುಂದುವರಿಯುತ್ತದೆಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆಯುಂಟು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯು ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಡರ್ ಆಗಿ ಮರುಹುಟ್ಟು ಪಡೆದು, 2014ರವರೆಗೂ ಬಾಳಿತು. ಆದ್ದರಿಂದ ಬ್ರಿಟನ್ನಿನ ಆಕ್ಸ್‌ಫರ್ಡ್ ಒಡೆಯರು ಬಿಡಿಭಾಗಗಳಿಗಾಗಿ ಭಾರತದತ್ತ ಮುಖ ಮಾಡಿದ್ದುಂಟು. ಅಂತೆಯೇ ಇಟಲಿಯ ಫಿಯಾಟ್ 1100, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಪದ್ಮಿನಿಯಾಗಿ ಶತಮಾನದ ಅಂಚಿನವರೆಗೆ ನಡೆಯಿತು. ಬ್ರಿಟನ್ನಿನಲ್ಲಿಯೇ, ಎಂ.ಜಿ.ಬಿ. ಕಾರಿನ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು 1988ರಲ್ಲಿ ಅದರ ಒಡಲನ್ನು ಮತ್ತೆ ತಯಾರಿಸಲಾರಂಭಿಸಿದರು. ಅಚ್ಚು ಉಳಿದಲ್ಲಿ ಅಸಲು ಉಳಿಯಿತೆನ್ನಬಹುದು. ಸೈಲೆನ್ಸರಿಗಾದರೋ ಹೆಚ್ಚಿನ ಸಂದರ್ಭಗಳಲ್ಲಿ ಅಚ್ಚೂ ಉಳಿದಿಲ್ಲ, ನಕ್ಷೆಯೂ ಉಳಿದಿಲ್ಲ; ಉಳಿದಿರುವುದು ಕೊಳೆತ ಒಡಲೊಂದೇ.

ನಮ್ಮ ಮೈನರಿನ ಅಡಿಯಲ್ಲಿಯೂ ಅಂತಹದೊಂದು ಇದ್ದಿತು. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, ಮುಂದೆ ಹದಿನಾರು ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಕಾರು, ಭಾರತದಲ್ಲಿಯೂ 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಿಂದ ಓಡಿತ್ತು. ಇಳಿಜಾರಿನಲ್ಲಿ ಪೆಡಲಿನಿಂದ ಕಾಲು ತೆಗೆದಾಗ ತುಟಿಯದುರಿಸಿದಂತೆ ಬರುವ ಅದರ ಗುರುಗುಟ್ಟುವಿಕೆಯನ್ನು ಒಮ್ಮೆ ಕೇಳಿದವರು ಮರೆಯಲಾರರು. ಗೆಳೆಯರು ಬಾಲ್ಯದಲ್ಲಿ ತಂದೆಯ ಕಾರು ಬೀದಿಯ ತಿರುವಿಗೆ ಬರುತ್ತಲೇ ಆ ಸದ್ದಿನಿಂದ ಗುರುತಿಸಿ ಬಾಗಿಲಿಗೆ ಓಡುತ್ತಿದ್ದರಂತೆ. ಅವರು ಹುಡುಕುತ್ತಿದ್ದುದು ಆ ಸದ್ದನ್ನು. ನಾವು ಆ ತುಕ್ಕಿನ ಉಂಡೆಯನ್ನು ಗೋಣಿಯಲ್ಲಿ ಸುತ್ತಿ ಗುಜರಿಯ ಹಿರಿಯರಲ್ಲಿಗೆ ಒಯ್ದೆವು; ಅವರು ತಮಗೆ ಪರಿಚಯದ ಟಿಂಕರಿಂಗ್ ಕೆಲಸದವರನ್ನು ಕರೆಸಿದರು. ಗರಗಸ ಉದ್ದುದ್ದಕ್ಕೆ ಹರಿದಾಗ ಒಳಗಿನಿಂದ ಕೆಂಪು ಪುಡಿ ಬೊಗಸೆ ಬೊಗಸೆಯಾಗಿ ಸುರಿಯಿತು. ಅಡ್ಡಗೋಡೆಗಳು ಬಹುಮಟ್ಟಿಗೆ ಕರಗಿಹೋಗಿದ್ದುವು; ಆದರೆ ಅವು ನಿಂತಿದ್ದ ಕಡೆಗಳಲ್ಲಿ ಒಡಲಿನ ತಗಡಿನ ಮೇಲೆ ಗೆರೆಗಳು ಉಳಿದಿದ್ದುವು. ಟಿಂಕರಿಂಗಿನವರು ಆ ಗೆರೆಗಳ ನಡುವಣ ಅಂತರವನ್ನು ಕಡ್ಡಿಯಿಂದ ಅಳೆದು, ನೆಲದ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡು, ಮುರಿದು ಉಳಿದ ಒಳಗೊಳವೆಯ ರಂಧ್ರಗಳನ್ನು ಬೆರಳಿಟ್ಟು ಎಣಿಸಿದರು. "ಒಂದು ತೂತು ಹೆಚ್ಚು ಕಡಿಮೆ ಆಗ್ಬಾರ್ದು ಸಾರ್, ಆಮೇಲೆ ಬೇರೆ ಗಾಡಿ ಥರ ಕೂಗತ್ತೆ" ಎಂದರು ಹಿರಿಯರು.

ಹದಿನೆಂಟು ದಿನಗಳ ಮೇಲೆ, ಮುಂಜಾನೆ, ಹೊಸ ಸೈಲೆನ್ಸರನ್ನು ತೊಟ್ಟ ಕಾರನ್ನು ಗೆಳೆಯರು ಬಸವನಗುಡಿಯ ಇಳಿಜಾರೊಂದಕ್ಕೆ ಒಯ್ದರು. ನಾನು ಕೆಳಗೆ ತಿರುವಿನಲ್ಲಿ ನಿಂತಿದ್ದೆ. ಮೇಲಿನಿಂದ ಆ ಗುರುಗುಟ್ಟುವಿಕೆ ಇಳಿದುಬಂದಿತು. ಕಾರು ನನ್ನ ಬಳಿಗೆ ಬಂದು ನಿಂತಾಗ ಅವರು ಒಳಗೇ ಕುಳಿತಿದ್ದರು, ಮಾತಾಡಲಿಲ್ಲ. ಎಂಜಿನ್ನು ಇನ್ನೂ ಕಾದಿರಲಿಲ್ಲವಾದ್ದರಿಂದ ಬಾಲಕೊಳವೆಯ ತುದಿಯಲ್ಲಿ ನೀರಿನ ಹನಿಯೊಂದು ಕೂಡಿ, ತೂಗಿ, ರಸ್ತೆಯ ಮೇಲೆ ಬಿದ್ದಿತು.